ದೇವರ ಸೃಷ್ಟಿಗೆ ಅವಸರವಿಲ್ಲ

(ಸೆಪ್ಟೆಂಬರ್ 8, ಕನ್ಯಾಮರಿಯಮ್ಮನವರ ಜನನೋತ್ಸವದಂದು ಸಂಪಿಗೆಯಲ್ಲಿ ಅರ್ಪಿಸಿದ ದಿವ್ಯ ಬಲಿಪೂಜೆಯ ಪ್ರಬೋಧನೆ)

ವಾಚನಗಳು: ರೋಮನರಿಗೆ 8:28-30, ಮತ್ತಾಯ 1:1-16, 18-23



ಇಂದು ನಮ್ಮೆಲ್ಲರ ತಾಯಿ ಮರಿಯಮ್ಮನವರ ಹುಟ್ಟುಹಬ್ಬ. ಬೆಂಗಳೂರಿನ ಶಿವಾಜಿನಗರದ ಬಸಿಲಿಕದಲ್ಲಿ ಇಂದು ಕಾವಿ ಬಟ್ಟೆ ತೊಟ್ಟ ಭಕ್ತರು ಸಾವಿರ ಸಾವಿರ ಸಂಖ್ಯೆಯಲ್ಲಿ ಸೇರಿರುತ್ತಾರೆ. ಮಂಗಳೂರು, ಉಡುಪಿ ಕಡೆಯ ನಮ್ಮವರು ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೊಯ್ದು, ಮನೆಯವರೆಲ್ಲ ಒಟ್ಟಿಗೆ ಕುಳಿತು ಹೊಸ ಬೆಳೆಯ ಊಟ ಮಾಡುತ್ತಾರೆ. ನಮ್ಮದು ತೆಂಗಿನ ಸೀಮೆ. ಆದ್ದರಿಂದ ನೀವು ಪೀಠದ ಮುಂದೆ ಹೊಂಬಾಳೆ ಇಟ್ಟಿದ್ದೀರಿ, ಎಳನೀರಿನ ಗೊನೆ ಇಟ್ಟಿದ್ದೀರಿ, ಅಟ್ಟದಿಂದ ಇಳಿಸಿದ ಉಂಡೆ ಕೊಬ್ಬರಿಯನ್ನೂ ತಟ್ಟೆಯಲ್ಲಿ ಜೋಡಿಸಿದ್ದೀರಿ. ಹೂವು, ಕಾಯಿ, ಕೊಬ್ಬರಿ ಈ ಮೂರನ್ನೂ ಕಣ್ಣ ಮುಂದೆ ಇಟ್ಟುಕೊಂಡೇ ಇಂದಿನ ದೇವರ ವಾಕ್ಯವನ್ನು ಧ್ಯಾನಿಸೋಣ.

ಈಗ ತಾನೇ ಓದಿದ ಶುಭಸಂದೇಶದಲ್ಲಿ ಏನಿತ್ತು? ಬರೀ ಹೆಸರುಗಳು. ಅಬ್ರಹಾಮನಿಂದ ಈಸಾಕ, ಈಸಾಕನಿಂದ ಯಕೋಬ, ಹೀಗೆ ಒಬ್ಬರಾದ ಮೇಲೆ ಒಬ್ಬರು. ಕೇಳುತ್ತಾ ಕೇಳುತ್ತಾ ಹಿಂದಿನ ಸಾಲಿನಲ್ಲಿ ಕೆಲವರಿಗೆ ಆಕಳಿಕೆ ಬಂದದ್ದನ್ನೂ ನೋಡಿದೆ. ಹುಟ್ಟುಹಬ್ಬದ ದಿನ ಧರ್ಮಸಭೆ ಈ ಪಟ್ಟಿಯನ್ನೇ ಏಕೆ ಆರಿಸಿತು? ಮರಿಯಮ್ಮನವರು ಎಲ್ಲಿ ಹುಟ್ಟಿದರು, ಹೇಗೆ ಹುಟ್ಟಿದರು ಎಂಬ ಒಂದು ಮಾತೂ ಪವಿತ್ರ ಗ್ರಂಥದಲ್ಲಿಲ್ಲ. ಆದರೆ ಆ ಮಗು ಬಂದ ದಾರಿ ಎಷ್ಟು ಉದ್ದವಾದದ್ದು ಎಂಬುದನ್ನು ಮಾತ್ರ ಸಂತ ಮತ್ತಾಯರು ಎಣಿಸಿ ತೋರಿಸಿದ್ದಾರೆ. ಹದಿನಾಲ್ಕು ತಲೆಮಾರು, ಮತ್ತೆ ಹದಿನಾಲ್ಕು, ಮತ್ತೆ ಹದಿನಾಲ್ಕು. ಲೋಕರಕ್ಷಕರನ್ನು ಕಳುಹಿಸಲು ದೇವರು ಇಷ್ಟು ಕಾಲ ತೆಗೆದುಕೊಂಡರು. ಈ ಮಾತನ್ನು ಮನಸ್ಸಿನಲ್ಲಿಡಿ, ಕೊನೆಗೆ ಬೇಕಾಗುತ್ತದೆ.

ಕಳೆದ ತಿಂಗಳು ಜ್ಞಾನೋಪದೇಶದ ತರಗತಿ ಮುಗಿದ ಮೇಲೆ ದ್ವಿತೀಯ ಪಿಯುಸಿ ಓದುವ ಹುಡುಗಿಯೊಬ್ಬಳು ಒಂದು ಪ್ರಶ್ನೆ ಕೇಳಿದಳು. ಕಾಲೇಜಿನ ಜೀವಶಾಸ್ತ್ರ ಪುಸ್ತಕದಲ್ಲಿ ವಿಕಾಸವಾದದ ಪಾಠವಿದೆ. ಪಕ್ಕದ ಊರಿನ ಪ್ರಾರ್ಥನಾ ಕೂಟವೊಂದರಲ್ಲಿ ಬೋಧಕರೊಬ್ಬರು, ವಿಕಾಸವಾದ ಸೈತಾನನ ಬೋಧನೆ, ಅದನ್ನು ಒಪ್ಪಿದವನು ದೇವರನ್ನು ಬಿಟ್ಟ ಹಾಗೆ ಎಂದರಂತೆ. ಕಾಲೇಜಿನ ಗೆಳತಿ, ವಿಜ್ಞಾನ ಓದಿದವರಿಗೆ ದೇವರು ಯಾಕೆ ಬೇಕು ಎಂದಳಂತೆ. "ಫಾದರ್, ಪರೀಕ್ಷೇಲಿ ಒಂದು ಬರೆದು, ಭಾನುವಾರ ವಿಶ್ವಾಸ ಪ್ರಮಾಣದಲ್ಲಿ ಇನ್ನೊಂದು ಹೇಳ್ಬೇಕಾ?" ಎಂದು ಕೇಳಿದಳು. ಇದು ಆ ಒಬ್ಬ ಹುಡುಗಿಯ ಪ್ರಶ್ನೆಯಲ್ಲ. ಮಕ್ಕಳನ್ನು ಓದಿಸುತ್ತಿರುವ ನಮ್ಮ ಎಲ್ಲ ಮನೆಗಳ ಪ್ರಶ್ನೆ. ಇದಕ್ಕೆ ಸರಿಯಾದ ಉತ್ತರ ಸಿಗದ ಮಕ್ಕಳು ಒಂದೋ ಪುಸ್ತಕ ಮುಚ್ಚುತ್ತಾರೆ, ಇಲ್ಲವೇ ಮೆಲ್ಲಗೆ ಪೂಜೆಗೆ ಬರುವುದನ್ನು ನಿಲ್ಲಿಸುತ್ತಾರೆ. ಎರಡೂ ನಮಗೆ ನಷ್ಟವೇ.

ನಮ್ಮ ದೇಶದಲ್ಲಿ ಈ ಚರ್ಚೆ ಹೊಸದೇನಲ್ಲ. 2018ರ ಜನವರಿಯಲ್ಲಿ ಕೇಂದ್ರದ ರಾಜ್ಯ ಸಚಿವರೊಬ್ಬರು ಡಾರ್ವಿನ್ ಸಿದ್ಧಾಂತ ವೈಜ್ಞಾನಿಕವಾಗಿ ತಪ್ಪು, ಅದನ್ನು ಶಾಲೆಗಳಲ್ಲಿ ಕಲಿಸಬಾರದು ಎಂದು ಹೇಳಿದರು. ಕೂಡಲೇ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಹೇಳಿಕೆ ಕೊಟ್ಟು ಅದನ್ನು ಅಲ್ಲಗಳೆದವು. ಅವುಗಳಲ್ಲಿ ಒಂದು, ಸರ್ ಸಿ. ವಿ. ರಾಮನ್ ಅವರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕದಿಂದ ವಿಕಾಸದ ಭಾಗವನ್ನು ತೆಗೆದ ಸುದ್ದಿ ಬಂದಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಸಹಿ ಹಾಕಿ ಆಕ್ಷೇಪಿಸಿದರು. ಹೀಗೆ ಪತ್ರಿಕೆಗಳಲ್ಲಿ ಬಂದಾಗ ನಮ್ಮವರು ಕೇಳುವುದು ಒಂದೇ ಮಾತು: ಇದರಲ್ಲಿ ನಮ್ಮ ಧರ್ಮಸಭೆ ಯಾವ ಕಡೆ?

ಉತ್ತರಕ್ಕೆ ಮೊದಲು ವಿಕಾಸವಾದ ಎಂದರೇನು ಎಂದು ನಮ್ಮ ತೋಟದಲ್ಲೇ ನೋಡೋಣ. ಸಸಿ ಮಾಡಲು ನೀವು ಬಿತ್ತನೆ ಕಾಯಿಯನ್ನು ಯಾವ ಮರದಿಂದ ತೆಗೆಯುತ್ತೀರಿ? ಸಿಕ್ಕ ಮರದಿಂದ ತೆಗೆಯುವುದಿಲ್ಲ. ಒಳ್ಳೆಯ ತಾಯಿ ಮರ ಹುಡುಕುತ್ತೀರಿ. ವರ್ಷ ವರ್ಷವೂ ತಪ್ಪದೆ ಫಸಲು ಕೊಡುವ, ಗೊನೆ ತುಂಬ ಕಾಯಿ ಹಿಡಿಯುವ, ಬರ ತಡೆಯುವ ಮರದ ಕಾಯಿಯನ್ನೇ ನೆಡುತ್ತೀರಿ. ನಿಮ್ಮ ತಂದೆ ಹೀಗೇ ಮಾಡಿದರು, ಅವರ ತಾತಂದಿರೂ ಹೀಗೇ ಮಾಡಿದರು. ಇಂದು ತಿಪಟೂರು ಟಾಲ್ ಎಂದು ಹೆಸರಾಗಿರುವ ನಮ್ಮ ಎತ್ತರದ ತಳಿಯ ಹಿಂದೆ ಇಂಥ ಎಷ್ಟೋ ತಲೆಮಾರಿನ ಆಯ್ಕೆ ಇದೆ. ಡಾರ್ವಿನ್ ಅವರು 1859ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥವನ್ನು ಶುರು ಮಾಡುವುದೇ ಇಲ್ಲಿಂದ. ರೈತರು, ಪಾರಿವಾಳ ಸಾಕುವವರು ಹೇಗೆ ಆರಿಸಿ ಆರಿಸಿ ತಳಿಗಳನ್ನು ಬೆಳೆಸುತ್ತಾರೆ ಎಂದು ವಿವರಿಸಿ, ಹಾಗೆಯೇ ಬರ, ಮಳೆ, ರೋಗ, ಶತ್ರು ಇವೆಲ್ಲವೂ ಕೋಟ್ಯಂತರ ವರ್ಷ ಆರಿಸುತ್ತಾ ಹೋದರೆ ಒಂದು ಬಗೆಯ ಜೀವಿಯಿಂದ ಇನ್ನೊಂದು ಬಗೆ ಮೂಡುತ್ತದೆ ಎಂದರು. ಇದನ್ನೇ ನೈಸರ್ಗಿಕ ಆಯ್ಕೆ ಎನ್ನುತ್ತಾರೆ.

ತೆಂಗಿನಕಾಯಿಗೆ ಅಷ್ಟು ದಪ್ಪ ನಾರಿನ ಸಿಪ್ಪೆ ಏಕಿದೆ? ಸಮುದ್ರದಲ್ಲಿ ತೇಲಿ, ದೂರದ ದಂಡೆ ಸೇರಿ ಮೊಳೆಯಲು. ಕಾಡು ತೆಂಗಿನ ಕಾಯಿ ಉದ್ದುದ್ದ, ಸಿಪ್ಪೆ ಹೆಚ್ಚು, ನೀರು ಕಡಿಮೆ. ಮನುಷ್ಯ ಸಾಕಿ ಬೆಳೆಸಿದ ಕಾಯಿ ದುಂಡಗೆ, ಸಿಪ್ಪೆ ಕಡಿಮೆ, ನೀರು ಹೆಚ್ಚು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪ್ರಪಂಚದ 1,300ಕ್ಕೂ ಹೆಚ್ಚು ತೆಂಗಿನ ಮರಗಳ ಡಿಎನ್‌ಎ ಪರೀಕ್ಷಿಸಿದಾಗ, ಎಲ್ಲವೂ ಎರಡು ದೊಡ್ಡ ವಂಶಗಳಿಗೆ ಸೇರಿವೆ ಎಂದು ತಿಳಿಯಿತು. ಒಂದು ಪೆಸಿಫಿಕ್ ಸಾಗರದ ವಂಶ, ಇನ್ನೊಂದು ಹಿಂದೂ ಮಹಾಸಾಗರದ ವಂಶ. ಅಂದರೆ ತೆಂಗಿಗೂ ಒಂದು ವಂಶಾವಳಿ ಇದೆ. ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ದೂರ ಹೋಗಬೇಕಾಗಿಲ್ಲ. ಚಿಕ್ಕನಾಯಕನಹಳ್ಳಿ ಶಿಲಾಪಟ್ಟಿಯ ದೊಡ್ಡಗುಣಿಯ ಸುಣ್ಣಕಲ್ಲಿನಲ್ಲಿ ಸ್ಟ್ರೊಮಟೊಲೈಟ್ ಎಂಬ ಪದರ ಪದರವಾದ ರಚನೆಗಳನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಅವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು 250 ಕೋಟಿ ವರ್ಷಗಳಿಗೂ ಹಿಂದೆ ಕಟ್ಟಿದ ಪದರಗಳು. ನಮ್ಮ ಜಿಲ್ಲೆಯ ನೆಲದಲ್ಲೇ ಜೀವದ ಅಷ್ಟು ಹಳೆಯ ಹೆಜ್ಜೆಗುರುತು ಇದೆ. ಇದನ್ನು ಕೇಳಿ ಹೆದರಬೇಕೇ? ದೇವರಿಗೆ ಸ್ತೋತ್ರ ಹೇಳಬೇಕೇ?

ಇಲ್ಲಿ ಇನ್ನೊಂದು ವಾದ ಬರುತ್ತದೆ. ಅದಕ್ಕೆ 'ಇಂಟೆಲಿಜೆಂಟ್ ಡಿಸೈನ್' ಎನ್ನುತ್ತಾರೆ. ಬುದ್ಧಿವಂತನೊಬ್ಬನ ವಿನ್ಯಾಸ ಎಂದು ಅರ್ಥ. ಇದರ ಬೇರು ಹಳೆಯದು. 1802ರಲ್ಲಿ ಇಂಗ್ಲೆಂಡಿನ ವಿಲಿಯಂ ಪೇಲಿ ಎಂಬ ಪಾದ್ರಿಯವರು, ದಾರಿಯಲ್ಲಿ ಗಡಿಯಾರ ಬಿದ್ದಿದ್ದರೆ ಅದನ್ನು ಮಾಡಿದವನೊಬ್ಬ ಇದ್ದಾನೆ ಎನ್ನುವಂತೆ, ಕಣ್ಣು ಕಿವಿಗಳನ್ನು ನೋಡಿ ದೇವರಿದ್ದಾರೆ ಎನ್ನಬಹುದು ಎಂದು ಬರೆದರು. 1996ರಲ್ಲಿ ಅಮೆರಿಕದ ಮೈಕೆಲ್ ಬೀಹೆ ಎಂಬ ಜೀವರಸಾಯನ ವಿಜ್ಞಾನಿ ಇದಕ್ಕೆ ಹೊಸ ರೂಪ ಕೊಟ್ಟರು. ಇಲಿ ಹಿಡಿಯುವ ಕತ್ತರಿಯಲ್ಲಿ ಹಲಗೆ, ಸ್ಪ್ರಿಂಗು, ಸರಳು ಎಲ್ಲವೂ ಇರಬೇಕು, ಒಂದು ತೆಗೆದರೂ ಕೆಲಸ ಮಾಡುವುದಿಲ್ಲ. ಜೀವಕೋಶದ ಕೆಲವು ಯಂತ್ರಗಳೂ ಹಾಗೆಯೇ, ಆದ್ದರಿಂದ ಅವು ಸ್ವಲ್ಪ ಸ್ವಲ್ಪವಾಗಿ ಬೆಳೆದಿರಲಾರವು, ಯಾರೋ ಒಮ್ಮೆಗೇ ಜೋಡಿಸಿರಬೇಕು ಎಂಬುದು ಅವರ ವಾದ. ಪೆನ್ಸಿಲ್ವೇನಿಯಾದ ಡೋವರ್ ಎಂಬ ಊರಿನ ಶಾಲಾ ಮಂಡಳಿ ಈ ವಾದವನ್ನು ಮಕ್ಕಳಿಗೆ ತಿಳಿಸಬೇಕೆಂದಾಗ ಹನ್ನೊಂದು ಮಂದಿ ಪೋಷಕರು ಕೋರ್ಟಿಗೆ ಹೋದರು. 2005ರ ಡಿಸೆಂಬರ್ 20ರಂದು ತೀರ್ಪು ಬಂತು. ಅದು ವಿಜ್ಞಾನವಲ್ಲ, ವಿಜ್ಞಾನದ ತರಗತಿಯಲ್ಲಿ ಕಲಿಸುವಂತಿಲ್ಲ ಎಂದು ನ್ಯಾಯಾಧೀಶರು ಹೇಳಿದರು.

ಆ ಕೋರ್ಟಿನಲ್ಲಿ ಸಾಕ್ಷಿ ಹೇಳಿದವರನ್ನು ಗಮನಿಸಿ. ಬೀಹೆಯವರು ಕಥೋಲಿಕರು. ಅವರ ವಾದವನ್ನು ವಿರೋಧಿಸಿ ಸಾಕ್ಷಿ ಹೇಳಿದ ಜೀವವಿಜ್ಞಾನಿ ಕೆನೆತ್ ಮಿಲ್ಲರ್ ಅವರೂ ಕಥೋಲಿಕರು. ದೈವಶಾಸ್ತ್ರಜ್ಞ ಜಾನ್ ಹಾಟ್ ಅವರೂ ಕಥೋಲಿಕರೇ, ಅವರೂ ಪೋಷಕರ ಪರ ನಿಂತರು. ಆದ್ದರಿಂದ ಈ ಜಗಳ ದೇವರನ್ನು ನಂಬುವವರಿಗೂ ನಂಬದವರಿಗೂ ನಡುವಿನದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಿಲ್ಲರ್ ಅವರ ಉತ್ತರವೂ ಸ್ವಾರಸ್ಯವಾಗಿದೆ. ಇಲಿ ಕತ್ತರಿಯ ಎರಡು ಭಾಗ ಕಿತ್ತುಹಾಕಿದರೆ ಇಲಿ ಹಿಡಿಯಲು ಆಗದಿರಬಹುದು, ಆದರೆ ಉಳಿದದ್ದನ್ನು ಟೈಗೆ ಕ್ಲಿಪ್ಪಾಗಿ ಬಳಸಬಹುದು ಎಂದರು. ಇಂದು ಒಂದು ಕೆಲಸ ಮಾಡುವ ಅಂಗ ಹಿಂದೆ ಬೇರೆ ಕೆಲಸ ಮಾಡುತ್ತಿದ್ದಿರಬಹುದು ಎಂದು ಇದರ ಅರ್ಥ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೋ' ಕಾದಂಬರಿ ಓದಿದವರಿಗೆ ಹಾರುವ ಓತಿ ನೆನಪಿರಬೇಕು. ನಮ್ಮ ಪಶ್ಚಿಮ ಘಟ್ಟದಲ್ಲಿ ಅಂಥ ಓತಿ ನಿಜವಾಗಿಯೂ ಇದೆ. ಅದು ಮರದಿಂದ ಮರಕ್ಕೆ ತೇಲುವುದು ಯಾವುದರಿಂದ? ಉದ್ದವಾದ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮದಿಂದ. ಎದೆಗೂಡನ್ನು ಕಾಯುವ ಎಲುಬೇ ಅಲ್ಲಿ ರೆಕ್ಕೆಯಾಯಿತು.

ಹಾಗಾದರೆ ಇಂಟೆಲಿಜೆಂಟ್ ಡಿಸೈನ್ ವಾದದಲ್ಲಿ ನಮಗಿರುವ ತೊಂದರೆ ಏನು? ಸೃಷ್ಟಿಯ ಹಿಂದೆ ಒಂದು ಮಹಾಜ್ಞಾನ ಇದೆ ಎಂಬುದನ್ನು ನಾವೂ ನಂಬುತ್ತೇವೆ, ಪ್ರತಿ ಭಾನುವಾರ ಹೇಳುತ್ತೇವೆ. ತೊಂದರೆ ಇರುವುದು ಆ ವಾದ ದೇವರಿಗೆ ಕೊಡುವ ಜಾಗದಲ್ಲಿ. ವಿಜ್ಞಾನಕ್ಕೆ ವಿವರಿಸಲು ಆಗದ ಕಡೆ ಮಾತ್ರ ದೇವರ ಕೈ ಇದೆ ಎಂದು ಅದು ಹುಡುಕುತ್ತದೆ. ನಾಳೆ ವಿಜ್ಞಾನ ಅದನ್ನೂ ವಿವರಿಸಿದರೆ ದೇವರು ಎಲ್ಲಿಗೆ ಹೋಗಬೇಕು? ಹೀಗೆ ಸಂದು ಸಂದಿನಲ್ಲಿ ದೇವರನ್ನು ಕೂರಿಸಿದರೆ, ಪುಸ್ತಕದ ಪ್ರತಿಯೊಂದು ಹೊಸ ಪುಟಕ್ಕೂ ದೇವರು ಒಂದೊಂದು ಹೆಜ್ಜೆ ಹಿಂದೆ ಸರಿಯಬೇಕಾಗುತ್ತದೆ. ನಮ್ಮ ದೇವರು ಅಂಥವರಲ್ಲ.

ಈಗ ತಟ್ಟೆಯಲ್ಲಿರುವ ಕೊಬ್ಬರಿ ನೋಡಿ. ಇದನ್ನು ಮಾಡಿದವರು ಯಾರು? ಹೂವು ಕಾಯಾಗಿ ಬಲಿಯಲು ಸುಮಾರು ಒಂದು ವರ್ಷ ಮರದ ಮೇಲೆ. ಆಮೇಲೆ ಎಂಟು ತಿಂಗಳಿಂದ ಒಂದು ವರ್ಷ ಅಟ್ಟದ ಮೇಲೆ. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಚಿಪ್ಪನ್ನು ಬಿಡುತ್ತದೆ, ಅಲುಗಾಡಿಸಿದರೆ ಲೊಡಲೊಡ ಎನ್ನುತ್ತದೆ. ಆಗ ಸುಲಿದು ಒಡೆದು ತಿಪಟೂರು ಮಾರುಕಟ್ಟೆಗೆ ಒಯ್ಯುತ್ತೀರಿ. ಈ ಕೊಬ್ಬರಿ ಮರದ ಕೆಲಸವೇ? ಹೌದು. ಬಿಸಿಲು, ಗಾಳಿ, ಅಟ್ಟದ ಕಾವಿನ ಕೆಲಸವೇ? ಹೌದು. ರೈತನ ಕೆಲಸವೇ? ಅದೂ ಹೌದು, ಪೂರ್ತಿಯಾಗಿ ಹೌದು. ಇದರಲ್ಲಿ ಅರ್ಧ ಬಿಸಿಲಿನದು ಅರ್ಧ ನಿಮ್ಮದು ಎಂದು ಯಾರೂ ಪಾಲು ಹಾಕುವುದಿಲ್ಲ. ಅಟ್ಟದ ಮೇಲೆ ಏನಾಗುತ್ತದೆ ಎಂದು ವಿಜ್ಞಾನಿ ಅಣು ಅಣುವಾಗಿ ವಿವರಿಸಿದರೂ ರೈತ ಸುಳ್ಳಾಗುವುದಿಲ್ಲ. ಈ ಹೋಲಿಕೆ ದೇವರಿಗೆ ಪೂರ್ತಿ ಸಾಲದು ನಿಜ. ರೈತ ಬಿಸಿಲನ್ನು ಉಂಟುಮಾಡಲಿಲ್ಲ, ದೇವರಾದರೋ ಮರ, ಬಿಸಿಲು, ರೈತ ಎಲ್ಲಕ್ಕೂ ಇರುವಿಕೆಯನ್ನೇ ಕೊಟ್ಟವರು, ಈ ಕ್ಷಣವೂ ಹಿಡಿದಿರುವವರು.

ಹದಿಮೂರನೇ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಇದನ್ನೇ ಕಲಿಸಿದರು. ದೇವರು ಮೂಲ ಕಾರಣ, ಸೃಷ್ಟಿಯ ವಸ್ತುಗಳು ದೇವರು ಕೊಟ್ಟ ಶಕ್ತಿಯಿಂದಲೇ ಕೆಲಸ ಮಾಡುವ ಎರಡನೆಯ ಕಾರಣಗಳು. ಮರದ ದಿಮ್ಮಿಗಳು ತಾವಾಗಿಯೇ ಸೇರಿ ಹಡಗಾಗುವಂಥ ಶಕ್ತಿಯನ್ನು ಬಡಗಿ ಆ ಮರಕ್ಕೇ ಕೊಡಬಲ್ಲವನಾಗಿದ್ದರೆ ಹೇಗೋ, ಪ್ರಕೃತಿಯಲ್ಲಿ ದೇವರ ಕಲೆ ಹಾಗೆ ಎಂದು ಅವರು ಹೋಲಿಕೆ ಕೊಟ್ಟರು. ಯಾರು ದೊಡ್ಡ ಬಡಗಿ? ಪ್ರತಿ ಹಲಗೆಯನ್ನೂ ತಾನೇ ಬಡಿಯುವವನೋ, ಮರಕ್ಕೇ ಬೆಳೆಯುವ ಶಕ್ತಿ ತುಂಬುವವನೋ?

ಇದು ಡಾರ್ವಿನ್ ಬಂದ ಮೇಲೆ ಧರ್ಮಸಭೆ ಮಾಡಿಕೊಂಡ ರಾಜಿ ಅಲ್ಲ. ಸುಮಾರು 1,600 ವರ್ಷಗಳ ಹಿಂದೆ ಸಂತ ಅಗಸ್ಟೀನರು ಆದಿಕಾಂಡಕ್ಕೆ ಬರೆದ ವ್ಯಾಖ್ಯಾನದಲ್ಲಿ, ದೇವರು ಸೃಷ್ಟಿಯಲ್ಲಿ ಬೀಜಗಳಂತಿರುವ ಶಕ್ತಿಗಳನ್ನು ಇಟ್ಟರು, ಅವು ಕಾಲ ಬಂದಾಗ ಬಿಚ್ಚಿಕೊಳ್ಳುತ್ತವೆ ಎಂದರು. ಲೋಕದ ವಿಷಯ ಬಲ್ಲವರ ಮುಂದೆ ಕ್ರೈಸ್ತರು ಪವಿತ್ರ ಗ್ರಂಥದ ಹೆಸರಿನಲ್ಲಿ ತಿಳಿಯದ ಮಾತಾಡಿ ನಗೆಪಾಟಲಾಗಬಾರದು ಎಂದು ಎಚ್ಚರಿಸಿದವರೂ ಅವರೇ. 1865ರಲ್ಲಿ ಬಟಾಣಿ ಗಿಡಗಳನ್ನು ಬೆಳೆಸಿ ಅನುವಂಶೀಯತೆಯ ನಿಯಮಗಳನ್ನು ಲೋಕಕ್ಕೆ ತಿಳಿಸಿದ ಗ್ರೆಗೊರ್ ಮೆಂಡೆಲ್ ಅವರು ಅದೇ ಅಗಸ್ಟೀನರ ಸಭೆಯ ಗುರು. ಆ ನಿಯಮಗಳಿಲ್ಲದೆ ಇಂದಿನ ವಿಕಾಸವಿಜ್ಞಾನವೇ ಇಲ್ಲ. 1950ರಲ್ಲಿ ಜಗದ್ಗುರು ಹನ್ನೆರಡನೇ ಭಕ್ತಿನಾಥರು, ಅಂದರೆ ಹನ್ನೆರಡನೇ ಪಯಸ್ ಅವರು, ಮಾನವ ದೇಹದ ಮೂಲದ ಬಗ್ಗೆ ವಿದ್ವಾಂಸರು ಸಂಶೋಧಿಸಲು ಅಡ್ಡಿಯಿಲ್ಲ, ಆದರೆ ಆತ್ಮವನ್ನು ದೇವರೇ ನೇರವಾಗಿ ಸೃಷ್ಟಿಸುತ್ತಾರೆ ಎಂದು ಬರೆದರು. 1996ರ ಅಕ್ಟೋಬರ್ 22ರಂದು ಎರಡನೇ ಜಾನ್ ಪೌಲರು ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಗೆ ಕಳಿಸಿದ ಸಂದೇಶದಲ್ಲಿ, ವಿಕಾಸವಾದ ಈಗ ಬರೀ ಊಹೆಯಾಗಿ ಉಳಿದಿಲ್ಲ ಎಂದು ಒಪ್ಪಿದರು. ಆ ಅಕಾಡೆಮಿ ನಮಗೆ ದೂರದ್ದಲ್ಲ. ನಮ್ಮ ಸಿ. ವಿ. ರಾಮನ್ ಅವರು ಅದರ ಸದಸ್ಯರಾಗಿದ್ದರು, ಸಿ. ಎನ್. ಆರ್. ರಾವ್ ಅವರೂ 1990ರಲ್ಲಿ ಸದಸ್ಯರಾದರು. ಧರ್ಮ ಯಾವುದೆಂದು ಕೇಳದೆ ಅಲ್ಲಿಗೆ ವಿಜ್ಞಾನಿಗಳನ್ನು ಆರಿಸುತ್ತಾರೆ. 2014ರಲ್ಲಿ ಅದೇ ಅಕಾಡೆಮಿಯಲ್ಲಿ ಜಗದ್ಗುರು ಫ್ರಾನ್ಸಿಸರು, ದೇವರನ್ನು ಮಂತ್ರದಂಡ ಹಿಡಿದ ಜಾದೂಗಾರನಂತೆ ಕಲ್ಪಿಸಿಕೊಳ್ಳಬೇಡಿ ಎಂದು ಹೇಳಿದರು.

ಆದರೆ ಮಕ್ಕಳೇ, ಇನ್ನೊಂದು ಬದಿಯ ತಪ್ಪನ್ನೂ ತಿಳಿದುಕೊಳ್ಳಿ. ವಿಕಾಸ ನಡೆದಿದೆ, ಆದ್ದರಿಂದ ದೇವರಿಲ್ಲ, ಬದುಕಿಗೆ ಅರ್ಥವಿಲ್ಲ, ನಾವು ಬರೀ ಆಕಸ್ಮಿಕ ಎನ್ನುವವರಿದ್ದಾರೆ. ಇದನ್ನು ಯಾವ ಪ್ರಯೋಗಾಲಯದಲ್ಲಿ ಕಂಡುಹಿಡಿದರು? ಸೂಕ್ಷ್ಮದರ್ಶಕಕ್ಕೆ ಜೀವಕೋಶ ಕಾಣುತ್ತದೆ, ಜೀವಕೋಶ ಏಕೆ ಇದೆ ಎಂಬುದು ಅದಕ್ಕೆ ಕಾಣುವುದಿಲ್ಲ. ಹಾಗೆ ಹೇಳುವವರೂ ಇಂಟೆಲಿಜೆಂಟ್ ಡಿಸೈನ್‌ನವರ ತಪ್ಪನ್ನೇ ಮಾಡುತ್ತಾರೆ. ಒಂದೋ ದೇವರು ಮಾಡಿರಬೇಕು, ಇಲ್ಲವೇ ಪ್ರಕೃತಿ ಮಾಡಿರಬೇಕು ಎಂದು ಇಬ್ಬರೂ ಪಾಲು ಹಾಕುತ್ತಾರೆ. ವಿಕಾಸದ ಹೆಸರು ಹೇಳಿ ಬಲಿಷ್ಠನೇ ಬದುಕಲಿ, ದುರ್ಬಲ ಸಾಯಲಿ ಎಂದು ಸಮಾಜಕ್ಕೆ ನೀತಿ ಹೇಳಿದವರೂ ಇದ್ದರು. ಅದನ್ನು ಧರ್ಮಸಭೆ ಎಂದೂ ಒಪ್ಪಿಲ್ಲ, ಒಪ್ಪುವುದೂ ಇಲ್ಲ. ಪ್ರತಿಯೊಬ್ಬ ಮನುಷ್ಯನೂ ದೇವರ ಪ್ರತಿರೂಪ. ಹಾಗೆ ನೋಡಿದರೆ ಮಾನವರೆಲ್ಲ ಒಂದೇ ಕುಲ ಎಂದು ಆದಿಕಾಂಡ ಹೇಳುವುದನ್ನು ಇಂದಿನ ವಿಜ್ಞಾನವೂ ತನ್ನ ದಾರಿಯಲ್ಲಿ ಬಂದು ಹೇಳುತ್ತಿದೆ. ಎರಡನ್ನೂ ಕೇಳಿದ ಮೇಲೂ ಮನೆ ಬಾಗಿಲಲ್ಲಿ ಬೇರೆ ಲೋಟ ಇಡುವವರು ಯಾವ ಗ್ರಂಥಕ್ಕೆ ವಿಧೇಯರು?

ಇನ್ನು ಒಂದು ಕಷ್ಟದ ಪ್ರಶ್ನೆ ಉಳಿದಿದೆ. ನಿಮ್ಮಲ್ಲಿ ಹಿರಿಯರಿಗೆ ನುಸಿ ರೋಗ ಬಂದ ಕಾಲ ನೆನಪಿದೆ. 1998ರಲ್ಲಿ ಕೇರಳದ ಎರ್ನಾಕುಲಂ ಕಡೆ ಮೊದಲು ಕಂಡ ಆ ನುಸಿ ಕೆಲವೇ ವರ್ಷಗಳಲ್ಲಿ ನಮ್ಮ ತೋಟಗಳಿಗೂ ಬಂತು. ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ಜೀವಿ. ತೊಟ್ಟಿನ ಮುಚ್ಚಳದ ಕೆಳಗೆ ಕುಳಿತು ಎಳೆಗಾಯಿಯ ರಸ ಹೀರುತ್ತದೆ. ಕಾಯಿ ಕಂದು ಬಿರುಕು ಬಿಟ್ಟು ಸಣ್ಣದಾಯಿತು, ಸುಲಿಯಲು ಕಲ್ಲಾಯಿತು, ಸಾಲ ಮಾಡಿದ ಮನೆಗಳಲ್ಲಿ ಕಣ್ಣೀರಾಯಿತು. ಪ್ರತಿಯೊಂದು ಜೀವಿಯನ್ನೂ ದೇವರು ಬೇಕೆಂದೇ ಬಿಡಿಬಿಡಿಯಾಗಿ ವಿನ್ಯಾಸ ಮಾಡಿ ಬಿಟ್ಟರು ಎನ್ನುವವರು ಈ ನುಸಿಗೂ ಉತ್ತರ ಹೇಳಬೇಕಾಗುತ್ತದೆ. ಕೆಲವು ಬೋಧಕರು ಹೇಳುತ್ತಾರೆ ಕೂಡ: ಇದು ನಿಮ್ಮ ಪಾಪಕ್ಕೆ ಶಿಕ್ಷೆ ಎಂದು. ಸೋತ ರೈತನ ಮೇಲೆ ಇನ್ನೊಂದು ಕಲ್ಲು ಹೇರುವ ಮಾತು ಅದು. ನಮ್ಮ ಪ್ರಭು ಹಾಗೆ ಮಾತಾಡಲಿಲ್ಲ. ಹುಟ್ಟು ಕುರುಡನನ್ನು ತೋರಿಸಿ ಯಾರ ಪಾಪ ಎಂದು ಶಿಷ್ಯರು ಕೇಳಿದಾಗ, ಅವನದೂ ಅಲ್ಲ, ಅವನ ತಂದೆತಾಯಿಯದೂ ಅಲ್ಲ ಎಂದು ತಳ್ಳಿಹಾಕಿದರು.

ಈ ನೋವು ಡಾರ್ವಿನ್ನರಿಗೂ ಇತ್ತು. ಒಮ್ಮೆ ಪಾದ್ರಿಯಾಗಲೆಂದು ಕೇಂಬ್ರಿಜ್ಜಿನಲ್ಲಿ ಓದಿದ ಮನುಷ್ಯ. 1851ರಲ್ಲಿ ಅವರ ಹತ್ತು ವರ್ಷದ ಮಗಳು ಆನಿ ಕಾಯಿಲೆಯಿಂದ ತೀರಿಕೊಂಡಳು. 1860ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ, ಕ್ರೈಸ್ತ ವಿಶ್ವಾಸಿ ಏಸಾ ಗ್ರೇ ಅವರಿಗೆ ಬರೆದ ಪತ್ರದಲ್ಲಿ, ಜೀವಂತ ಕಂಬಳಿಹುಳುವಿನ ಒಡಲನ್ನು ತಿಂದು ಬೆಳೆಯುವ ಕಣಜಗಳನ್ನು ಕರುಣಾಮಯಿ ದೇವರು ಬೇಕೆಂದು ಸೃಷ್ಟಿಸಿದರೆಂದು ಒಪ್ಪಲು ತಮ್ಮ ಮನಸ್ಸಿಗೆ ಆಗುತ್ತಿಲ್ಲ ಎಂದರು. ಇಂಥ ಮನುಷ್ಯನನ್ನು ಸೈತಾನನ ದೂತ ಎಂದು ಬೈಯುವುದು ಸುಲಭ, ಅವರ ದುಃಖವನ್ನು ಅರಿಯುವುದು ಕ್ರೈಸ್ತ ಧರ್ಮ. ನಮ್ಮ ತೋಟದಲ್ಲಿ ಗರಿಗಳನ್ನು ಒಣಗಿಸುವ ಕಪ್ಪು ತಲೆ ಹುಳುವಿಗೆ ನೀವು ಏನು ಬಿಡುತ್ತೀರಿ? ತೋಟಗಾರಿಕೆ ಇಲಾಖೆಯವರು ಸಾಕಿ ಕೊಡುವ ಗೋನಿಯೋಜಸ್ ಪರೋಪಜೀವಿ. ಅದೂ ಒಂದು ಪುಟ್ಟ ಕಣಜವೇ. ಹುಳುವನ್ನು ಕುಟುಕಿ ಮಲಗಿಸಿ, ಅದರ ಮೇಲೆ ಮೊಟ್ಟೆ ಇಡುತ್ತದೆ, ಮರಿಗಳು ಹುಳುವನ್ನೇ ತಿಂದು ಬೆಳೆಯುತ್ತವೆ. ಡಾರ್ವಿನ್ನರ ನಿದ್ದೆಗೆಡಿಸಿದ ಬಗೆಯದೇ ಒಂದು ಜೀವಿ ನಮ್ಮ ತೆಂಗನ್ನು ಕಾಯುತ್ತಿದೆ. ಇದರಿಂದ ನೋವಿನ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿತು ಎಂದು ನಾನು ಹೇಳುವುದಿಲ್ಲ. ಹುಳುವಿಗೆ ಅದು ಸಾವೇ. ಆದರೆ ಒಂದು ಕೊಂಡಿಯನ್ನು ಮಾತ್ರ ನೋಡಿ ಇಡೀ ಸರಪಳಿಗೆ ತೀರ್ಪು ಕೊಡಬಾರದು ಎಂದು ಇದು ಕಲಿಸುತ್ತದೆ.

ಸೃಷ್ಟಿ ಇನ್ನೂ ದಾರಿಯಲ್ಲಿದೆ, ಪೂರ್ಣತೆಯ ಕಡೆಗೆ ನಡೆಯುತ್ತಿದೆ ಎಂದು ನಮ್ಮ ಧರ್ಮೋಪದೇಶ ಗ್ರಂಥ ಕಲಿಸುತ್ತದೆ. ಸಂತ ಪೌಲರು ಇಂದಿನ ಮೊದಲ ವಾಚನವಿರುವ ಅದೇ ಅಧ್ಯಾಯದಲ್ಲಿ, ಇಡೀ ಸೃಷ್ಟಿ ಹೆರಿಗೆ ಬೇನೆಯಲ್ಲಿ ನರಳುತ್ತಿದೆ ಎನ್ನುತ್ತಾರೆ. ಹೆರಿಗೆಯ ಬೇನೆ ನಮ್ಮ ತಾಯಂದಿರಿಗೆ ಗೊತ್ತು. ಅದು ಸಾಯುವವರ ನರಳಾಟದಂತೆ ಕೇಳಿಸುತ್ತದೆ, ಆದರೆ ಅದರ ತುದಿಯಲ್ಲಿ ಮಗು ಇರುತ್ತದೆ. ಆ ನರಳಾಟದ ಹೊರಗೆ ನಿಂತು ನಮ್ಮ ದೇವರು ನೋಡಲಿಲ್ಲ. ತಮ್ಮ ಮಗನನ್ನು ಅದರೊಳಕ್ಕೇ ಕಳಿಸಿದರು, ಶಿಲುಬೆಯವರೆಗೂ.

ಈಗ ಆ ಹೆಸರುಗಳ ಪಟ್ಟಿಗೆ ಬರೋಣ. ಅಲ್ಲಿ ಬರೀ ಒಳ್ಳೆಯವರ ಹೆಸರಿಲ್ಲ. ಮಾವನಿಂದ ಅನ್ಯಾಯಕ್ಕೊಳಗಾದ ತಾಮಾರಳಿದ್ದಾಳೆ. ಜೆರಿಕೋ ಪಟ್ಟಣದ ರಾಹಾಬಳಿದ್ದಾಳೆ. ಅನ್ಯ ನಾಡಿನಿಂದ ಬಂದ ವಿಧವೆ ರೂತಳಿದ್ದಾಳೆ. ದಾವೀದನ ಪಾಪವನ್ನು ಮರೆಯದಂತೆ ಊರೀಯನ ಹೆಂಡತಿ ಎಂದೇ ಒಬ್ಬಳನ್ನು ಬರೆದಿದ್ದಾರೆ. ವಿಗ್ರಹಾರಾಧಕ ಅರಸ ಮನಸ್ಸೆ ಇದ್ದಾನೆ, ದೇಶಭ್ರಷ್ಟರಾಗಿ ಬಾಬಿಲೋನಿಗೆ ಹೋದವರಿದ್ದಾರೆ, ಏನು ಮಾಡಿದರೆಂದು ಯಾರಿಗೂ ತಿಳಿಯದ ಹೆಸರುಗಳಿವೆ. ಚೊಕ್ಕವಾಗಿ ಗೆರೆ ಎಳೆದ ವಿನ್ಯಾಸ ಹುಡುಕುವವನಿಗೆ ಈ ಪಟ್ಟಿಯಲ್ಲಿ ನಿರಾಸೆಯೇ. ಮಧ್ಯದಲ್ಲಿ ನಿಂತು ನೋಡಿದವನಿಗೆ ಇದು ಎಲ್ಲಿಗೂ ಹೋಗದ ದಾರಿ ಎನಿಸಿದ್ದೀತು. ಆದರೆ ತುದಿಯಲ್ಲಿ ಯಾರಿದ್ದಾರೆ? ಮರಿಯಮ್ಮ. ಅವರ ಮಡಿಲಲ್ಲಿ ಇಮ್ಮಾನುವೇಲ್. ಮನುಷ್ಯರ ಸ್ವಾತಂತ್ರ್ಯವನ್ನು ಮುರಿಯದೆ, ಅವರ ತಪ್ಪುಗಳನ್ನೂ ಬಿಡದೆ, ಎಲ್ಲವನ್ನೂ ಒಳಿತಿಗಾಗಿ ಕೂಡಿಸಿಕೊಂಡು ದೇವರು ನಡೆದರು. ರಕ್ಷಣೆಯ ಚರಿತ್ರೆಯಲ್ಲಿ ಇಷ್ಟು ತಾಳ್ಮೆ ತೋರಿದ ದೇವರು ಸೃಷ್ಟಿಯಲ್ಲೂ ಅದೇ ತಾಳ್ಮೆಯಿಂದ, ಕಲ್ಲಿನ ಪದರಗಳ ಕಾಲದಿಂದ ತೆಂಗಿನ ಕಾಲದವರೆಗೆ, ತೆಂಗಿನಿಂದ ಮನುಷ್ಯನವರೆಗೆ ಕೆಲಸ ಮಾಡಿದರು ಎಂದರೆ ನಮಗೆ ಆಶ್ಚರ್ಯವೇಕೆ?

ಆದ್ದರಿಂದ ತಂದೆತಾಯಂದಿರೇ, ದೇವರೋ ಪುಸ್ತಕವೋ ಒಂದನ್ನು ಆರಿಸು ಎಂದು ನಿಮ್ಮ ಮಕ್ಕಳ ಕುತ್ತಿಗೆಗೆ ಕೂರಬೇಡಿ. ಧರ್ಮಸಭೆ ಕೇಳದ ಆಯ್ಕೆಯನ್ನು ನೀವು ಕೇಳಬೇಡಿ. ಪಿಯುಸಿ, ಡಿಗ್ರಿ ಓದುವ ಮಕ್ಕಳೇ, ವಿಕಾಸದ ಪಾಠವನ್ನು ಚೆನ್ನಾಗಿ ಓದಿ, ಪರೀಕ್ಷೆಯಲ್ಲಿ ಧೈರ್ಯವಾಗಿ ಬರೆಯಿರಿ, ಅದೇ ಬಾಯಿಂದ ಪರಲೋಕ ಭೂಲೋಕಗಳ ಸೃಷ್ಟಿಕರ್ತರಲ್ಲಿ ವಿಶ್ವಾಸವಿದೆ ಎಂದು ಭಾನುವಾರ ಹೇಳಿ. ಎರಡು ನಾಲಿಗೆ ಆಗುವುದಿಲ್ಲ. ಒಂದು ಹೇಗೆ ಎಂಬುದಕ್ಕೆ ಉತ್ತರ, ಇನ್ನೊಂದು ಯಾರು ಮತ್ತು ಏತಕ್ಕೆ ಎಂಬುದಕ್ಕೆ ಉತ್ತರ. ನಿಮ್ಮಲ್ಲಿ ಒಬ್ಬರಾದರೂ ಕೃಷಿ ವಿಜ್ಞಾನ ಓದಿ, ಕೊನೆಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ಕೆಲಸ ಮಾಡಿ, ರೋಗ ತಡೆಯುವ ತೆಂಗಿನ ತಳಿಗಾಗಿ ದುಡಿದರೆ ಅದೂ ದೇವರ ಸೇವೆಯೇ. ತೋಟ ಒಣಗಿದವರೇ, ಮಗ ದಾರಿ ತಪ್ಪಿದವರೇ, ಪ್ರಾರ್ಥನೆಗೆ ಉತ್ತರ ಬಂದಿಲ್ಲ ಎನ್ನುವವರೇ, ಅಟ್ಟದ ಮೇಲಿನ ಕಾಯಿಯನ್ನು ದಿನಾ ಒಡೆದು ನೋಡಿದರೆ ಕೊಬ್ಬರಿ ಆಗುವುದಿಲ್ಲ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಪ್ರಾರ್ಥಿಸೋಣ. ಸೃಷ್ಟಿಕರ್ತರಾದ ತಂದೆಯೇ, ಎಣಿಸಲಾಗದ ಕಾಲವನ್ನು ಕೈಯಲ್ಲಿ ಹಿಡಿದು ನೀವು ಈ ಭೂಮಿಯನ್ನು, ನಮ್ಮ ಮರಗಳನ್ನು, ನಮ್ಮನ್ನು ರೂಪಿಸಿದಿರಿ. ಓದುವ ನಮ್ಮ ಮಕ್ಕಳಿಗೆ ಸತ್ಯವನ್ನು ಹೆದರದೆ ಅರಸುವ ಮನಸ್ಸು ಕೊಡಿ. ಕಲಿಸುವವರಿಗೆ ವಿನಯ ಕೊಡಿ. ನಷ್ಟದಲ್ಲಿರುವ ರೈತರಿಗೆ ಆಸರೆಯಾಗಿ. ತಲೆತಲಾಂತರಗಳ ನಿರೀಕ್ಷೆಯ ತುದಿಯಲ್ಲಿ ಅರಳಿದ ಮರಿಯಮ್ಮನವರ ಬೇಡಿಕೆಯಿಂದ, ನಿಮ್ಮ ತಾಳ್ಮೆಯನ್ನು ನಂಬಿ ಕಾಯುವ ಶಕ್ತಿಯನ್ನು ನಮಗೆ ದಯಪಾಲಿಸಿ. ನಮ್ಮ ಪ್ರಭು ಯೇಸುಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.